ಶುಗರ್ ಸಂಘದಲ್ಲಿ ಅಂಕಪಟ್ಟಿ ಓದಬೇಡಿ

ನಮ್ಮ ತಾಲ್ಲೂಕಿನ ಊರುಗಳಲ್ಲಿ ಸಕ್ಕರೆ ಕಾಯಿಲೆಯವರು ತಾವಾಗಿಯೇ ಗುಂಪು ಕಟ್ಟಿಕೊಳ್ಳುತ್ತಿರುವುದು ನನಗೆ ನಿಜಕ್ಕೂ ಸಂತೋಷದ ವಿಷಯ. ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ನಾನು ಕೊಡಬಲ್ಲದ್ದು ಐದಾರು ನಿಮಿಷ. ಸಂಜೆ ಬಾಗಿಲಿಗೆ ಬಂದು ‘ಏಳಿ, ನಡೆದು ಬರೋಣ’ ಎನ್ನುವವರು ಪಕ್ಕದ ಮನೆಯವರೇ. ಆದರೆ ಈ ಗುಂಪುಗಳ ಒಂದು ಚಾಳಿ ನನ್ನ ತಾಳ್ಮೆ ಕೆಡಿಸುತ್ತದೆ. ಕುಳಿತ ತಕ್ಷಣ ಬೆಳಗಿನ ಶುಗರ್ ಲೆಕ್ಕ ಶುರು: “ನನ್ನದು 112. ನಿಮ್ಮದೆಷ್ಟು?”

112 ಎಂದವರಿಗೆ ಶಹಬ್ಬಾಸ್. 240 ಎಂದವರಿಗೆ “ಬಾಯಿ ಕಟ್ಟಬೇಕಮ್ಮಾ” ಎಂಬ ಉಪದೇಶ. ಮುಂದಿನ ವಾರ ಆ ಅಮ್ಮ ಬರುವುದಿಲ್ಲ. ಗುಂಪು ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಮೊದಲು ಜಾರಿಕೊಳ್ಳುತ್ತಾರೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದು: ಖಾಲಿ ಹೊಟ್ಟೆಯ ಶುಗರ್ ಆ ಬೆಳಗಿನ ಲೆಕ್ಕ ಮಾತ್ರ, ನಿಮ್ಮ ನಡತೆಯ ಪ್ರಮಾಣಪತ್ರವಲ್ಲ. ರಾತ್ರಿ ನಿದ್ದೆ ಕೆಟ್ಟರೆ ಏರಬಹುದು, ಜ್ವರಕ್ಕೆ ಏರಬಹುದು, ಮಂಡಿನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ಕೆಲವು ದಿನ ಏರಿಯೇ ಇರಬಹುದು. ಕಾಯಿಲೆ ಹಳೆಯದಾದಂತೆ ಶುಗರ್ ತಗ್ಗಿಸಲು ದೇಹ ತಯಾರಿಸುವ ಇನ್ಸುಲಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಹೋದ ವರ್ಷ ಕಾಯಿಲೆ ಗೊತ್ತಾದವರೂ ಇಪ್ಪತ್ತು ವರ್ಷದಿಂದ ಹೊತ್ತವರೂ ಒಂದೇ ಮುದ್ದೆ, ಒಂದೇ ಸಾರು ಉಂಡರೂ ಅಂಕಿ ಒಂದೇ ಬರುವುದಿಲ್ಲ. ಗುರಿಯೂ ಒಂದಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯ ಅಂಕಿ ಬಹಳಷ್ಟು ಜನರಿಗೆ ಶೇಕಡಾ 7ರ ಆಸುಪಾಸಿನಲ್ಲಿರಲಿ ಎನ್ನುತ್ತೇವೆ. ವಯಸ್ಸಾದವರಿಗೆ, ಬೇರೆ ಕಾಯಿಲೆಗಳೂ ಇರುವವರಿಗೆ 8ರವರೆಗೂ ಬಿಡುವುದುಂಟು. ಆ ಪರೀಕ್ಷೆಯೂ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಸ್ವಲ್ಪ ಹೆಚ್ಚೇ ತೋರಿಸಬಹುದು. ನಿಮ್ಮ ಗುರಿ ಎಷ್ಟೆಂದು ನಿಮ್ಮನ್ನು ನೋಡುವ ವೈದ್ಯರನ್ನೇ ಕೇಳಿ. ಇನ್ನು ಮಾವಿನಹಣ್ಣು ಹೆಚ್ಚಿದ ಕೈ ತೊಳೆಯದೆ ಬೆರಳು ಚುಚ್ಚಿಸಿಕೊಂಡು, ಹಣ್ಣಿನ ಸಿಹಿಯಿಂದ ಏರಿ ಬಂದ ಅಂಕಿ ನೋಡಿ ಅತ್ತವರೂ ಇದ್ದಾರೆ!

ಅಂಕಕ್ಕೆ ಬೆಲೆ ಬಂದರೆ ನಕಲೂ ಬರುತ್ತದೆ. ಸಭೆಯ ಹಿಂದಿನ ರಾತ್ರಿ ಊಟ ಬಿಡುವವರಿದ್ದಾರೆ. ಊಟ ಬಿಟ್ಟು, ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಮಾತ್ರ ನುಂಗಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಿವೃತ್ತ ಮೇಷ್ಟ್ರೊಬ್ಬರು ಹಾಗೆಯೇ ಮಾಡಿ, ಬೆವರುತ್ತಾ, ತೊದಲುತ್ತಾ ಅರಳಿಕಟ್ಟೆಗೆ ಬಂದರಂತೆ. ಮೀಟರಿನಲ್ಲಿ 54. “ಮೇಷ್ಟ್ರೇ, ಈ ಸಲ ನೀವೇ ಫಸ್ಟು!” ಎಂದರಂತೆ ಒಬ್ಬರು. 70ಕ್ಕಿಂತ ಕೆಳಗಿಳಿದರೆ ಅಭಿನಂದಿಸುವುದಲ್ಲ, ಸಕ್ಕರೆ ಕೊಡಬೇಕು. ಆಶಾ ಕಾರ್ಯಕರ್ತೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ತಿಂಡಿ ತಿನ್ನಿಸಿ ನನಗೆ ಫೋನ್ ಮಾಡಿದಳು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು; ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಗುಂಪಿನಿಂದ ಪವಾಡವನ್ನೇನೂ ನಿರೀಕ್ಷಿಸಬೇಡಿ. ತಿರುವನಂತಪುರ ಜಿಲ್ಲೆಯಲ್ಲಿ, ಇನ್ನೂ ಕಾಯಿಲೆ ಬರದ ಆದರೆ ಬರುವ ಸಂಭವ ಹೆಚ್ಚಿದ್ದವರಿಗೆ ಊರಿನವರದೇ ಮುಂದಾಳತ್ವದ ಗುಂಪುಗಳನ್ನು ಕಟ್ಟಿ ಎರಡು ವರ್ಷ ಗಮನಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮಧುಮೇಹ ಬಂದವರ ಪ್ರಮಾಣ ಖಚಿತವಾಗಿ ತಗ್ಗಿತೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಹಣ್ಣು, ತರಕಾರಿ ತಿನ್ನುವುದು ಹೆಚ್ಚಿತು, ಕುಡಿತ ತಗ್ಗಿತು. ನನ್ನ ಲೆಕ್ಕದಲ್ಲಿ ಅದು ಸಣ್ಣ ಗೆಲುವಲ್ಲ.

ಹಾಗಾದರೆ ಸೇರಿದಾಗ ಏನು ಕೇಳಬೇಕು? ಯಾರ ಮಾತ್ರೆ ಮುಗಿಯುತ್ತಾ ಬಂದಿದೆ, ಯಾರು ಊಟ ತಪ್ಪಿಸಿದರು, ಆಸ್ಪತ್ರೆಗೆ ಹೋಗಲು ಯಾರಿಗೆ ಜೊತೆ ಬೇಕು. (ಮಾತ್ರೆ ಸಾಲ ಕೊಡಬೇಡಿ. ದಯವಿಟ್ಟು.) ಆಮೇಲೆ ಚಪ್ಪಲಿ ಬಿಚ್ಚಿಸಿ ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಿ. ಬಗ್ಗಲಾರದವರಿಗೆ ತಮ್ಮ ಅಂಗಾಲು ಕಾಣುವುದಿಲ್ಲ. ನರ ಸೋತವರಿಗೆ ನೋವೂ ತಿಳಿಯುವುದಿಲ್ಲ. ಒಂದು ಸ್ತ್ರೀಶಕ್ತಿ ಸಂಘದಲ್ಲಿ ಹೀಗೆ ನೋಡುವಾಗ ಒಬ್ಬಾಕೆಯ ಹಿಮ್ಮಡಿಯಲ್ಲಿ ಮುರಿದ ಜಾಲಿಮುಳ್ಳು ಸಿಕ್ಕಿತು, ಸುತ್ತ ಕೀವು. ಆಕೆ ಅದರ ಮೇಲೆಯೇ ಗದ್ದೆಗೆ ನಡೆದು ಬಂದಿದ್ದಳು. ಬೆರಳ ಸಂದುಗಳನ್ನೂ ಬಿಡಿಸಿ ನೋಡಿ, ಬೆಳಕು ಸಾಲದಿದ್ದರೆ ಮೊಬೈಲ್ ಟಾರ್ಚ್ ಹಿಡಿಯಿರಿ. ಗಾಯ ಕಂಡರೆ ಅರಿಶಿನ ಮೆತ್ತಿ ಸುಮ್ಮನಾಗದೆ ಅದೇ ದಿನ ಆಸ್ಪತ್ರೆಗೆ ಕಳುಹಿಸಿ. ಚೀಟಿ ಕೊಡುವ ಹೊತ್ತು ಮೀರಿದ್ದರೂ ಸರಿ.