ಘಾನಾದಲ್ಲಿ ಕರೆಂಟ್ ಹೋಗಿತ್ತು

2017ರ ಜೂನ್ 27ರ ಮಧ್ಯಾಹ್ನ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಮೇರ್ಸ್ಕ್ ಕಂಪನಿಯ ಮುಖ್ಯ ಕಚೇರಿ. ಒಂದರ ಹಿಂದೆ ಒಂದು ಕಂಪ್ಯೂಟರ್ ಪರದೆ ಕಪ್ಪಾಗತೊಡಗಿತು. ಏನಾಗ್ತಿದೆ ಅಂತ ಗೊತ್ತಾದವರು ಸಾಲು ಸಾಲಾಗಿ ಓಡಿ, ಕಂಡ ಕಂಪ್ಯೂಟರಿನ ವೈರ್ ಕಿತ್ತರು. ಅಷ್ಟರಲ್ಲಿ ತಡವಾಗಿತ್ತು. ಆಗ ಜಗತ್ತಿನ ಕಂಟೇನರ್ ಸಾಗಣೆಯಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗದಷ್ಟನ್ನು ಹೊರುತ್ತಿದ್ದ ಕಂಪನಿ ಅದು. ಯಾವ ಪೆಟ್ಟಿಗೆಯಲ್ಲಿ ಏನಿದೆ, ಎಲ್ಲಿಗೆ ಹೋಗಬೇಕು ಅನ್ನುವುದೇ ತಿಳಿಯದ ಸ್ಥಿತಿ. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದೇ ಗುಂಪಿನ ಟರ್ಮಿನಲ್ ಕೂಡ ನಿಂತುಹೋಯಿತು.

ಈ ವೈರಸ್ ಪಿಡುಗಿಗೆ ಆಮೇಲೆ ನಾಟ್‌ಪೆಟ್ಯಾ ಎಂದು ಹೆಸರು ಬಂತು. ಅದು ಒಳಗೆ ಬಂದದ್ದು ಲೆಕ್ಕ ಬರೆಯುವ ಸಾಫ್ಟ್‌ವೇರ್ ಮೂಲಕ. ಉಕ್ರೇನಿನಲ್ಲಿ ವ್ಯವಹಾರ ಮಾಡುವ ಕಂಪನಿಗಳು ತೆರಿಗೆ ಕೆಲಸಕ್ಕೆ ಎಂ.ಇ.ಡಾಕ್ ಎಂಬುದನ್ನು ಬಳಸುತ್ತಿದ್ದವು. ಹ್ಯಾಕರ್‌ಗಳು ಅದನ್ನು ತಯಾರಿಸುವವರ ಸರ್ವರ್‌ಗೇ ನುಗ್ಗಿ, ಅಪ್‌ಡೇಟ್ ಜೊತೆಗೆ ವಿಷ ಬೆರೆಸಿದ್ದರು. ಒಡೆಸಾದಲ್ಲಿದ್ದ ಮೇರ್ಸ್ಕ್ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರ್ ಇತ್ತು. ಅಷ್ಟು ಸಾಕಾಯಿತು. ‘ಅಪ್‌ಡೇಟ್ ಮಾಡ್ಕೊಳ್ಳಿ’ ಅಂತ ನಾವೇ ಎಲ್ಲರಿಗೂ ಹೇಳುತ್ತೇವೆ, ಅಲ್ವಾ? ಇಲ್ಲಿ ಮಾಡಿಕೊಂಡವರಿಗೇ ಪೆಟ್ಟು.

ಒಳಗೆ ಬಂದ ಮೇಲೆ ಅದು ಹರಡಿದ ರೀತಿ ನೋಡಬೇಕು. ಮೊದಲನೆಯದು ಎಟರ್ನಲ್‌ಬ್ಲೂ. ವಿಂಡೋಸ್‌ನಲ್ಲಿ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ಒಂದು ಬಿರುಕನ್ನು ಬಳಸಿ ಒಳನುಗ್ಗುವ ಉಪಾಯ ಅದು. ಅಮೆರಿಕದ ಗುಪ್ತಚರ ಸಂಸ್ಥೆಯಿಂದ ಸೋರಿಕೆಯಾದದ್ದು. ಮೈಕ್ರೋಸಾಫ್ಟ್ ಆ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಗಾದರೆ ತೇಪೆ ಹಾಕಿಕೊಂಡವರು ಬಚಾವಾ? ಇಲ್ಲ. ಅವರಿಗಾಗಿ ಇನ್ನೊಂದು ದಾರಿ ಇತ್ತು. ನಿಮ್ಮ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಯಾರದೋ ಪ್ರಿಂಟರ್ ಸರಿ ಮಾಡಲು ಬಂದು, ತನ್ನ ಅಡ್ಮಿನ್ ಪಾಸ್‌ವರ್ಡ್ ಹಾಕಿ ಲಾಗಿನ್ ಆಗುತ್ತಾನೆ ಅಂದುಕೊಳ್ಳಿ. ಆ ಪಾಸ್‌ವರ್ಡಿನ ಗುರುತು ಮೆಷಿನ್ನಿನ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಮಿಮಿಕ್ಯಾಟ್ಜ್ ಎಂಬ ಉಪಕರಣ ಅದನ್ನು ಹೆಕ್ಕಿ ತೆಗೆಯುತ್ತದೆ. ನಾಟ್‌ಪೆಟ್ಯಾ ಇದೇ ಕೆಲಸ ಮಾಡಿತು. ಹಳೇ ಮೆಷಿನ್ನಿಗೆ ಬಿರುಕಿನಿಂದ ನುಗ್ಗಿತು, ಗಟ್ಟಿ ಮೆಷಿನ್ನಿಗೆ ಕದ್ದ ಕೀಲಿ ಹಾಕಿ ರಾಜಾರೋಷವಾಗಿ ಒಳಗೆ ಹೋಯಿತು.

ಪರದೆಯ ಮೇಲೆ, ಫೈಲ್‌ಗಳಿಗೆ ಬೀಗ ಬಿದ್ದಿದೆ, ಬಿಡಿಸಿಕೊಳ್ಳಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ ಎಂಬ ಬೇಡಿಕೆ ಇತ್ತು. ಸುಮ್ನೆ ನಾಟಕ. ದುಡ್ಡು ಕೊಟ್ಟರೂ ಫೈಲ್ ಬಿಡಿಸಿಕೊಡುವ ಕೀಲಿಯೇ ಇರಲಿಲ್ಲ. ಅದು ಅಳಿಸಿ ಹಾಕಲೆಂದೇ ಬಂದದ್ದು.

ಮೇರ್ಸ್ಕ್ ಬ್ಯಾಕಪ್ ಇಟ್ಟುಕೊಳ್ಳದ ಕಂಪನಿ ಏನಲ್ಲ. ಸಿಕ್ಕಿಬಿದ್ದದ್ದು ಬೇರೆ ಕಡೆ. ದೊಡ್ಡ ಸಂಸ್ಥೆಯಲ್ಲಿ ಯಾರು ಯಾರು, ಯಾರಿಗೆ ಎಲ್ಲಿಗೆ ಪ್ರವೇಶ ಎಂಬ ಪಟ್ಟಿ ಡೊಮೇನ್ ಕಂಟ್ರೋಲರ್ ಎಂಬ ಸರ್ವರಿನಲ್ಲಿರುತ್ತದೆ. ಅದಿಲ್ಲದೆ ಬೇರೇನನ್ನೂ ಮತ್ತೆ ಎಬ್ಬಿಸಲು ಆಗುವುದಿಲ್ಲ. ಅಂಥವು ಜಗತ್ತಿನಾದ್ಯಂತ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಲ್ಲಿ ಇರಲಿ ಅಂತ ಎಲ್ಲವೂ ಒಂದನ್ನೊಂದು ನಕಲು ಮಾಡಿಕೊಳ್ಳುತ್ತಿದ್ದವು. ಅಷ್ಟೂ ಒಟ್ಟಿಗೇ ಹೋಗಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಹೋದವು.

ಒಂದು ಮಾತ್ರ ಉಳಿಯಿತು. ಘಾನಾದಲ್ಲಿ. ದಾಳಿಗೆ ಸ್ವಲ್ಪ ಮೊದಲು ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ನೆಟ್‌ವರ್ಕಿನಿಂದ ಕಳಚಿಕೊಂಡಿತ್ತು! ಅಲ್ಲಿನ ಇಂಟರ್ನೆಟ್ ಎಷ್ಟು ನಿಧಾನ ಎಂದರೆ ಆ ಡೇಟಾವನ್ನು ಇಂಗ್ಲೆಂಡಿನಲ್ಲಿ ದುರಸ್ತಿಗೆ ನಿಂತಿದ್ದ ತಂಡಕ್ಕೆ ಕಳಿಸಲು ದಿನಗಟ್ಟಲೆ ಬೇಕಿತ್ತು. ಡಿಸ್ಕನ್ನೇ ಒಯ್ಯೋಣ ಎಂದರೆ ಘಾನಾದ ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. ಕೊನೆಗೆ ಒಬ್ಬರು ನೈಜೀರಿಯಾದವರೆಗೆ ಹಾರಿ, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಡಿಸ್ಕ್ ಕೊಟ್ಟರು. ಅವರು ಲಂಡನ್ ವಿಮಾನ ಹತ್ತಿದರು. ಆಮೇಲೆ 10 ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದರು ಎಂದು ಕಂಪನಿಯ ಅಧ್ಯಕ್ಷರೇ ಮರುವರ್ಷ ದಾವೋಸ್‌ನಲ್ಲಿ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್.

ಕಾವಲಿಗೆ ಎಷ್ಟು ದುಡ್ಡು ಸುರಿದರೂ ಯಾವುದೋ ಒಂದು ಬಾಗಿಲು ತೆರೆದುಕೊಳ್ಳುತ್ತದೆ. ಹಾಗಾಗಿ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ, ಒಳಗೆ ಬಂದವನು ಎಷ್ಟು ದೂರ ನಡೆಯಬಹುದು ಎಂಬುದು. ದೆಹಲಿಯ ಏಮ್ಸ್ ಆಸ್ಪತ್ರೆ ನೆನಪಿದೆಯಾ? 2022ರ ನವೆಂಬರಿನಲ್ಲಿ ಅಲ್ಲಿ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಡೇಟಾಕ್ಕೆ ಬೀಗ ಬಿತ್ತು. ರೋಗಿಗಳ ಚೀಟಿಯನ್ನು ದಿನಗಟ್ಟಲೆ ಕೈಯಲ್ಲೇ ಬರೆದರು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರದಿದ್ದದ್ದು ಕಾರಣ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಬಿಲ್ಲಿಂಗ್ ಒಂದು ಕಡೆ, ಲ್ಯಾಬ್ ಇನ್ನೊಂದು ಕಡೆ, ನಡುವೆ ಗೋಡೆ ಇರಬೇಕು. ಅಡ್ಮಿನ್ ಕೀಲಿ ಒಂದೇ ಗೊಂಚಲಲ್ಲಿ ಇರಬಾರದು. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಎರಡನೇ ಒಪ್ಪಿಗೆಯೂ ಇದ್ದರೆ ಕದ್ದ ಕೀಲಿಗೆ ಬೆಲೆ ಇಳಿಯುತ್ತದೆ.

ಬ್ಯಾಕಪ್ ಇದ್ದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಈಗಿನ ಹ್ಯಾಕರ್ ಗುಂಪುಗಳು ಬೀಗ ಹಾಕುವ ಮೊದಲೇ ಡೇಟಾ ಕದ್ದು, ಬಹಿರಂಗ ಮಾಡ್ತೀವಿ ಅಂತ ಹೆದರಿಸುತ್ತವೆ. ಬ್ಯಾಕಪ್ ಎಲ್ಲಿದೆ ಅಂತ ಹುಡುಕಿ ಅದನ್ನೂ ಅಳಿಸುತ್ತವೆ. ಬೇಡದ ಹಳೇ ಡೇಟಾ ಇಟ್ಟುಕೊಳ್ಳದಿರುವುದೂ ಒಂದು ರಕ್ಷಣೆಯೇ. ಇಲ್ಲದ್ದನ್ನು ಯಾರು ಕದಿಯುತ್ತಾರೆ?

ನನ್ನ ಪರಿಚಯದ ಆಡಿಟರ್ ಒಬ್ಬರ ಆಫೀಸಿನಲ್ಲಿ ಒಂದು ಪುಟ್ಟ ಹಾರ್ಡ್ ಡಿಸ್ಕ್ ಇತ್ತು. ಆಯುಧಪೂಜೆಯ ಕುಂಕುಮ ಅಂಟಿಕೊಂಡಿದ್ದ ಡಿಸ್ಕ್. ‘ದಿನಾ ಬ್ಯಾಕಪ್ ಆಗುತ್ತೆ ಸಾರ್’ ಅನ್ನುತ್ತಿದ್ದರು. ಆಗುತ್ತಿತ್ತು ನಿಜ. ಆದರೆ ವರ್ಷವಿಡೀ ಅದು ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತಿತ್ತು. ವೈರಸ್ ಬಂದ ದಿನ ಮೂಲವೂ ಹೋಯಿತು, ನಕಲೂ ಹೋಯಿತು. ಈಗ ಅವರ ಹತ್ತಿರ ಎರಡು ಡಿಸ್ಕ್ ಇವೆ. ಒಂದು ಆಫೀಸಿನಲ್ಲಿ, ಒಂದು ಮನೆಯ ಬೀರುವಿನಲ್ಲಿ. ಶನಿವಾರ ಅದಲುಬದಲು. ತಿಂಗಳಿಗೊಮ್ಮೆ ಬೀರುವಿನ ಡಿಸ್ಕನ್ನು ಬೇರೊಂದು ಲ್ಯಾಪ್‌ಟಾಪಿಗೆ ಹಾಕಿ, ಯಾವುದಾದರೂ ಒಬ್ಬ ಕಕ್ಷಿದಾರರ ಫೈಲ್ ನಿಜವಾಗಿ ತೆರೆಯುತ್ತದೆಯಾ ಅಂತ ನೋಡುತ್ತಾರೆ. ಕೆಲಸ ಮುಗಿದ ಕೂಡಲೇ ವೈರ್ ಕೀಳುತ್ತಾರೆ.