ನೈಟಿಯಾ ಯಾವುದು, ಡಿಪ್ಲೊಮಿಸ್ಟಸ್ ಯಾವುದು?

ಕಲ್ಲಾಗಿ ಉಳಿದ ಈ ಎರಡು ಹಳೆಯ ಮೀನುಗಳಲ್ಲಿ ಯಾವುದು ಯಾವುದೆಂದು ಗುರುತಿಸುವುದು ಹೇಗೆ ಅನ್ನುವುದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟೇ. ಅಮೆರಿಕದ ವಯೋಮಿಂಗ್‌ನಲ್ಲಿ, ಈಗಿನ ಕೆಮ್ಮರರ್ ಊರಿನ ಹತ್ತಿರ, ಸುಮಾರು 5.2 ಕೋಟಿ ವರ್ಷಗಳ ಹಿಂದೆ ಒಂದು ಸರೋವರ ಇತ್ತು. ಅದರ ಹೆಸರು ಫಾಸಿಲ್ ಲೇಕ್. ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಮೀನುಗಳು ಆ ಪದರಗಳ ನಡುವೆ ಉಳಿದುಕೊಂಡವು. ಈ ಕಲ್ಲಿಗೆ ಗ್ರೀನ್ ರಿವರ್ ಫಾರ್ಮೇಶನ್ ಅನ್ನುತ್ತಾರೆ.

ಅಲ್ಲಿ ಬೇಕಾದಷ್ಟು ಸಿಗುವ ಮೀನು ನೈಟಿಯಾ. ಹೆರಿಂಗ್ ಜಾತಿ, ಅಂದರೆ ನಮ್ಮ ಕರಾವಳಿಯ ಬೂತಾಯಿಯ ದೂರದ ನೆಂಟ. 1987ರಿಂದ ವಯೋಮಿಂಗ್‌ನ ರಾಜ್ಯ ಪಳೆಯುಳಿಕೆಯೂ ಹೌದು. ಇನ್ನೊಂದು ಡಿಪ್ಲೊಮಿಸ್ಟಸ್. ನಾನು ಎಡವಿದ್ದು ಇವೆರಡರ ನಡುವೆ.

ಫೋಟೋ ನೋಡಿ ಗುರುತಿಸುವ ಅಭ್ಯಾಸ ಮಾಡುವಾಗ ಒಂದು ಸುಲಭದ ಲೆಕ್ಕ ಹಾಕಿಕೊಂಡಿದ್ದೆ: ಚಿಕ್ಕದು ನೈಟಿಯಾ, ದೊಡ್ಡದು ಡಿಪ್ಲೊಮಿಸ್ಟಸ್. ಸುಮಾರು ಸರಿಯೂ ಬರುತ್ತಿತ್ತು, ಅದೇ ತೊಂದರೆ. ಡಿಪ್ಲೊಮಿಸ್ಟಸ್ ಕೂಡ ಮರಿಯಾಗಿದ್ದಾಗ ಬೆರಳುದ್ದವೇ ಇತ್ತು, ಅಲ್ವಾ? ಇದು ಹೊಳೆಯಲು ನನಗೆ ಎರಡು ವಾರ ಬೇಕಾಯಿತು. ಬೆನ್ನಿನ ಮೇಲಿನ ಗಟ್ಟಿ ಹುರುಪೆ ನೋಡೋಣ ಅಂದರೆ ಅದು ಎರಡಕ್ಕೂ ಇದೆ.

ಹಾಗಾಗಿ ಉದ್ದ ಅಳೆಯಬೇಡಿ, ಹೊಟ್ಟೆಯ ಕೆಳಗೆ ನೋಡಿ. ಮೀನನ್ನು ತಲೆ ಎಡಕ್ಕೆ ಬರುವಂತೆ ಇಟ್ಟುಕೊಳ್ಳಿ. ಹೊಟ್ಟೆಯ ಅಂಚಿನಲ್ಲೇ ಬೆರಳಾಡಿಸುತ್ತ ಬಾಲದ ಕಡೆ ಬನ್ನಿ. ಬಾಲಕ್ಕಿಂತ ಮೊದಲು ಕೊನೆಯದಾಗಿ ಸಿಗುವ ಈಜುರೆಕ್ಕೆಯೇ ಗುದದ ರೆಕ್ಕೆ. ಅದು ಗಿಡ್ಡವಾಗಿದ್ದು, ಆಮೇಲೆ ಬಾಲದವರೆಗೆ ಖಾಲಿ ಜಾಗ ಇದ್ದರೆ ನೈಟಿಯಾ. ಹೊಟ್ಟೆಯ ಹಿಂದಿನಿಂದಲೇ ಶುರುವಾಗಿ ಬಾಚಣಿಗೆಯ ಹಲ್ಲಿನ ಹಾಗೆ ಬಾಲದ ಬುಡದವರೆಗೂ ಸಾಗಿದರೆ ಡಿಪ್ಲೊಮಿಸ್ಟಸ್. ಅನುಮಾನ ಇದ್ದರೆ ಬಾಯಿ ನೋಡಿ: ಡಿಪ್ಲೊಮಿಸ್ಟಸ್‌ನದ್ದು ಮೇಲಕ್ಕೆ ತೆರೆದಿರುತ್ತದೆ. ನನಗಂತೂ ರೆಕ್ಕೆಯೇ ಸಾಕು.

ಆ ಸರೋವರವಿದ್ದ ಜಾಗದ ಒಂದು ಭಾಗ ಈಗ ಸರ್ಕಾರ ಕಾಪಾಡುವ ಫಾಸಿಲ್ ಬ್ಯೂಟ್ ರಾಷ್ಟ್ರೀಯ ಸ್ಮಾರಕ. ಅದರೊಳಗಿಂದ ಮೀನು ತೆಗೆದುಕೊಂಡು ಹೋಗುವ ಹಾಗಿಲ್ಲ. ಸಂಗ್ರಹಕಾರರು ಸುತ್ತಲಿನ ಖಾಸಗಿ ಗಣಿಗಳಿಗೆ ಹೋಗುತ್ತಾರೆ. ಅಲ್ಲಿನ ‘18 ಇಂಚಿನ ಪದರ’ದಲ್ಲಿ ಮೀನಿನ ಮೇಲೆ ತೆಳ್ಳಗೆ ಕಲ್ಲು ಅಂಟಿರುತ್ತದೆ. ಹಗಲಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ರಾತ್ರಿ ಓರೆಯಾಗಿ ದೀಪ ಹಾಯಿಸುತ್ತಾರೆ. ಬೆನ್ನುಮೂಳೆಯ ಉಬ್ಬು ನೆರಳಾಗಿ ಎದ್ದು ಕಾಣುತ್ತದೆ.

ಡಿಪ್ಲೊಮಿಸ್ಟಸ್ ಬಾಯಲ್ಲಿ ನೈಟಿಯಾ ಸಿಕ್ಕಿಕೊಂಡೇ ಕಲ್ಲಾದ ಚಪ್ಪಡಿಗಳೂ ಇವೆ. ತಲೆ ಒಳಗೆ, ಬಾಲ ಹೊರಗೆ ಇರುವಂಥದ್ದು ಸಿಕ್ಕರೆ ನಮ್ಮ ಪುಣ್ಯ: ನೋಡಬೇಕಾದ ಗಿಡ್ಡ ರೆಕ್ಕೆ ಬಾಲದ ಕಡೆಯ ಅರ್ಧದಲ್ಲೇ ಇರುತ್ತದೆ.