ನಾಲ್ಕು ಸಾಲು ಕೊಡುವ ಮುನ್ನ ಒಂದು ಹಾಳೆ

ಶುಭಾಶಯ ಪತ್ರಕ್ಕೆ ಸಾಲು ಬರೆದು ದುಡಿಯಬೇಕೆಂದು ಬರುವ ಹುಡುಗ ಹುಡುಗಿಯರು ಕವಿತೆಯ ನೋಟ್‌ಬುಕ್ ತಂದಿರುತ್ತಾರೆ. ನಾನು ಮೊದಲು ಅವರ ಕೈಗಿಡುವುದು ಹಳೆಯ ಲಗ್ನಪತ್ರಿಕೆಗಳ ಕಟ್ಟು. ಕೆಳಗಡೆ ಮಕ್ಕಳ ಹೆಸರಿನ ಜತೆ ‘ನಮ್ಮ ಚಿಕ್ಕಪ್ಪನ ಮದ್ವೆಗೆ ತಪ್ಪದೇ ಬನ್ನಿ’ ಎಂದಿರುತ್ತದಲ್ಲ, ಅದನ್ನು ಓದಿಸುತ್ತೇನೆ. ಬರೆದವರು ಯಾರೋ, ಯಾವ ಮನೆಯ ಮಗುವಿನ ಬಾಯಿಗೂ ಒಪ್ಪುತ್ತದೆ. ಕಾರ್ಡಿನ ಒಕ್ಕಣೆ ಹಾಗೆ ಕಳಿಸುವವರ ಮಾತಾಗಿಬಿಡಬೇಕು.

ಸಾಲು ಮಾರಾಟವಾಗುವುದು ಈ ಗುಣದಿಂದ. ಕೈತಪ್ಪಿ ಹೋಗುವುದೂ ಇದರಿಂದಲೇ. ಕೆಲವು ವರ್ಷಗಳ ಹಿಂದೆ ಹಾಸನದ ಒಂದು ಪ್ರೆಸ್ಸಿಗೆ ಗೃಹಪ್ರವೇಶದ ಕಾರ್ಡಿಗೆಂದು ನಾಲ್ಕು ಸಾಲು ಬರೆದುಕೊಟ್ಟೆ. ದುಡ್ಡು ಸಿಕ್ಕಿದ್ದು ಒಂದೇ ಸಲ. ಆಮೇಲೆ ಬೇಲೂರು, ಕಡೂರು, ಅರಸೀಕೆರೆ ಕಡೆಯಿಂದ ಬಂದ ಕಾರ್ಡುಗಳಲ್ಲೂ ಅದೇ ನಾಲ್ಕು ಸಾಲು! ಕೇಳಿದರೆ, “ಸಾರ್, ಅದು ನಮ್ಮ ಕಂಪ್ಯೂಟರಲ್ಲೇ ಇತ್ತಲ್ಲ” ಎಂದರು. ಏನನ್ನು, ಎಷ್ಟಕ್ಕೆ ಕೊಟ್ಟೆ ಎಂದು ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆ ಸಂಕಟ ಹೊಸಬರಿಗೆ ಬೇಡ.

1957ರ ಕೃತಿಸ್ವಾಮ್ಯ ಕಾಯ್ದೆ ನಮ್ಮ ಕೈಬಿಟ್ಟಿಲ್ಲ. ಸಂಬಳದ ನೌಕರಿಯಲ್ಲಿ ಬರೆದದ್ದು, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕನದು. ಹೊರಗಿದ್ದು ಬರೆದುಕೊಟ್ಟದ್ದಕ್ಕೆ ಮೊದಲ ಹಕ್ಕುದಾರರು ಬರೆದವರೇ. ಆ ಹಕ್ಕನ್ನು ಬಾಯಿಮಾತಿನಲ್ಲಿ ವರ್ಗಾಯಿಸಲಾಗದು, ಬರಹ ಮತ್ತು ಸಹಿ ಬೇಕೆನ್ನುತ್ತದೆ 19ನೇ ಕಲಂ. ಹಾಗೆ ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಇಡೀ ಭಾರತ ಎಂದು ಲೆಕ್ಕ. ‘ದೀಪಾವಳಿಯ ಹಾರ್ದಿಕ ಶುಭಾಶಯಗಳು’ ಎಂಬಂಥ ಊರೆಲ್ಲರ ಮಾತಿಗೆ ಮಾತ್ರ ಯಾರೂ ಹಕ್ಕು ಕೇಳುವಂತಿಲ್ಲ.

ಹಾಗಾಗಿ ಒಂದು ಹಾಳೆ ಮಾಡಿಕೊಳ್ಳಿ. ಅದರಲ್ಲಿ ಸಾಲು ಪೂರ್ತಿ ಇರಲಿ. ಯಾವ ಕಾರ್ಡಿಗೆ, ಎಷ್ಟು ವರ್ಷಕ್ಕೆ, ಯಾವ ಜಿಲ್ಲೆಗಳಿಗೆ, ಎಷ್ಟು ಹಣ, ವಾಟ್ಸಾಪ್‌ಗೂ ಬಳಸಬಹುದೇ ಎಂಬುದೆಲ್ಲ ಬಂದು ಇಬ್ಬರ ಸಹಿ ಬೀಳಲಿ. ಅರ್ಧ ಹಣ ಮುಂಗಡ. ಪ್ರೂಫ್ ನೋಡುವ ಕೆಲಸವನ್ನೂ ನೀವೇ ಇಟ್ಟುಕೊಳ್ಳಿ. ಯೂನಿಕೋಡ್‌ನಲ್ಲಿ ಕಳಿಸಿದ್ದನ್ನು ಪ್ರೆಸ್ಸಿನವರು ನುಡಿ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ ಕೆಡುವುದುಂಟು.

ಆಷಾಢದಲ್ಲಿ ಮದುವೆಯ ಕೆಲಸ ನಿಲ್ಲುತ್ತದೆ. ಧನುರ್ಮಾಸದಲ್ಲೂ ಅಷ್ಟೇ, ಆದರೆ ಆಗ ಹೊಸ ವರ್ಷ, ಸಂಕ್ರಾಂತಿ ಕೈಹಿಡಿಯುತ್ತವೆ. ಚಿಕ್ಕಮಗಳೂರಿನ ಎಸ್ಟೇಟಿನವರು ಕಾಫಿಪುಡಿಯ ಉಡುಗೊರೆ ಜತೆ ಇಡುವ ಕಾರ್ಡಿಗೆ ಸಾಲು ಕೇಳುವುದು ಆಗಲೇ. ಒಬ್ಬರಿಗೆ ‘ನಿಮ್ಮ ಮನೆಗೂ ಹೂಮಳೆ ಹೊತ್ತಿಗೆ ಸರಿಯಾಗಿ ಬರಲಿ’ ಎಂದು ಬರೆದುಕೊಟ್ಟೆ. ಮಾರ್ಚ್‌–ಏಪ್ರಿಲ್‌ನಲ್ಲಿ ಹೂಮಳೆ ತಪ್ಪಿದರೆ ಕಾಫಿ ಗಿಡ ಸರಿಯಾಗಿ ಅರಳದು, ಫಸಲು ಕೈಕೊಡುತ್ತದೆ. ತೋಟದವರಿಗೆ ಅದಕ್ಕಿಂತ ದೊಡ್ಡ ಹಾರೈಕೆ ಯಾವುದಿದೆ? ಅವರು ಓದಿ ಸುಮ್ಮನೆ ಕೂತರು, ಬೆಲೆ ಚೌಕಾಸಿ ಮಾಡಲಿಲ್ಲ.

ಅಂಥ ಸಾಲನ್ನು ಬಯಲುಸೀಮೆಯ ಬಟ್ಟೆ ಅಂಗಡಿಗೆ ಮತ್ತೆ ಮಾರಲು ಬರುವುದಿಲ್ಲ. ಅದಕ್ಕೇ ಅದರ ಪೂರ್ತಿ ಬೆಲೆಯನ್ನು ಒಂದೇ ಸಲ ತೆಗೆದುಕೊಳ್ಳುತ್ತೇನೆ. ಗೃಹಪ್ರವೇಶದ ಸಾಲಿಗೆ ಈಗ ಕಡಿಮೆ ಕೇಳುತ್ತೇನೆ, ಒಂದು ಜಿಲ್ಲೆಗೆ, ಎರಡು ವರ್ಷಕ್ಕೆ ಮಾತ್ರ.